ಹಗ್ಗ ಹಾಡುವುದಿಲ್ಲ

ದೋಣಿ ನಿನ್ನೆಗಿಂತ ಭಾರವಾಗಿತ್ತು.

ಹಾಗೆಂದು ಯಾರೂ ಹೇಳಿರಲಿಲ್ಲ. ತೂಗಿ ನೋಡಿದವರೂ ಇಲ್ಲ. ಹೇಳಿದ್ದು ಬಾವಲಿಯ ಬಲಭುಜ. ಹದಿನಾಲ್ಕು ವರ್ಷದಿಂದ ಈ ರಂಗಮಂದಿರದ ಹಗ್ಗ ಎಳೆಯುತ್ತ ಬಂದ ಭುಜ ಅದು. ಮೂಟೆ ಹೊರುವವನ ಬೆನ್ನಿಗೆ ಒಂದು ಸೇರು ಹೆಚ್ಚಾದರೂ ಗೊತ್ತಾಗುತ್ತದಲ್ಲ, ಹಾಗೆ.

"ಮಾವಾ," ಎಂದಳು ಹಲ್ಲು ಕಚ್ಚಿಕೊಂಡೇ. "ಇದು ರಾತ್ರಿ ಏನೋ ತಿಂದಿದೆ."

"ಬಾಯಿ ಮುಚ್ಕೊಂಡು ಎಳಿ. ದೀಪ ಬಂದಿದೆ."

ಮಾವ ಎಂದರೆ ಅವಳ ತಾಯಿಯ ತಮ್ಮ, ಹಗ್ಗದ ತಂಡದ ಮೇಸ್ತ್ರಿ. ದೀಪ ಎಂದರೆ ಗೋಡೆಗೆ ಅಂಟಿಸಿದ ಎರಡು ಪುಟ್ಟ ಬಲ್ಬುಗಳು. ಹಸಿರು ಬಂದರೆ ಎಳೆಯಬೇಕು ಇಲ್ಲವೇ ಇಳಿಸಬೇಕು, ಕೆಂಪು ಬಂದರೆ ಹಿಡಿದು ನಿಲ್ಲಬೇಕು. ಇವತ್ತಿನಂಥ ತಾಲೀಮಿನಲ್ಲಾಗಲಿ ಪ್ರದರ್ಶನದಲ್ಲಾಗಲಿ ಇವರಿಗೆ ಬರುವ ಮಾತು ಅಷ್ಟೇ. ಇವರಿಂದ ಹೋಗಬೇಕಾದ ಮಾತು ಯಾವುದೂ ಇಲ್ಲ.

ಎಳೆಯುವವರು ಆರು ಜನ. ಕಬ್ಬಿಣದ ದೋಣಿಯ ಮೂತಿಗೊಂದು ಹಗ್ಗ, ಬಾಲಕ್ಕೊಂದು ಹಗ್ಗ. ಹಗ್ಗ ಮೇಲಿನ ಅಟ್ಟದಲ್ಲಿರುವ ರಾಟೆಯ ಮೇಲಿಂದ ಹಾದು ಪಕ್ಕದ ಕತ್ತಲಿಗೆ ಇಳಿಯುತ್ತಿತ್ತು. ಅಲ್ಲಿ ಹಗ್ಗಕ್ಕೆ ಮೂವರು. ಮೂತಿ ಹಗ್ಗಕ್ಕೆ ಮಾವ, ಬಾವಲಿ, ಮತ್ತೆ ತಲೆ ಬಾಗಿಸದೆ ಯಾವ ಬಾಗಿಲನ್ನೂ ದಾಟಲಾರದ ಉದ್ದಣ್ಣ. ಬಾಲದ ಹಗ್ಗಕ್ಕೆ ಇಬ್ಬರು ಅಣ್ಣತಮ್ಮಂದಿರು ಮತ್ತು ಅವರ ಅಕ್ಕನ ಗಂಡ. ಅವನನ್ನು ಎಲ್ಲರೂ ಭಾವ ಎಂದೇ ಕರೆಯುತ್ತಿದ್ದರು, ಬಾವಲಿಯೂ.

ಬಾವಲಿಗೆ ಆ ಹೆಸರು ಬಂದದ್ದು ಅಪ್ಪನಿಂದ. ಅವ್ವ ಸತ್ತ ಮೇಲೆ ಮಗುವನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಅಪ್ಪ ಅವಳನ್ನು ಅಟ್ಟಕ್ಕೆ ಹತ್ತಿಸಿ ಕೂರಿಸುತ್ತಿದ್ದ. ಕತ್ತಲಲ್ಲಿ, ರಾಟೆಗಳ ಮಧ್ಯೆ, ಕಾಲು ಇಳಿಬಿಟ್ಟುಕೊಂಡು ಅವಳು ಸದ್ದಿಲ್ಲದೆ ಕೂತಿರುತ್ತಿದ್ದಳು. ಕೆಳಗೆ ಚಂದ್ರ ಹುಟ್ಟುತ್ತಿದ್ದ, ಮೋಡ ಇಳಿಯುತ್ತಿತ್ತು, ದೇವತೆ ಹಾರುತ್ತಿದ್ದಳು. ಜನ ಬೆರಗಾಗಿ ನೋಡುತ್ತಿದ್ದರು. ಚಂದ್ರನನ್ನು ಹುಟ್ಟಿಸಿದವರ ಅಂಗೈ ಸಿಪ್ಪೆ ಏಳುತ್ತಿದ್ದದ್ದು ಅಟ್ಟದ ಮೇಲಿನ ಮಗುವಿಗೆ ಮಾತ್ರ ಕಾಣುತ್ತಿತ್ತು.

ಕೆಂಪು ದೀಪ ಬಂತು. ಮಾವ ಹಗ್ಗವನ್ನು ಗೂಟಕ್ಕೆ ಸುತ್ತಿ ಬಿಗಿದ. ಬಾವಲಿ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಹೋಗಿ ಕೇಳು ಮಾವ. ನಿನ್ನೆ ಇಷ್ಟಿರ್ಲಿಲ್ಲ."

"ನೀನೇ ಕೇಳು."

"ನನ್ನ ಮಾತು ಯಾರು ಕೇಳ್ತಾರೆ?"

"ನನ್ನ ಮಾತು ಮಾತ್ರ ಕೇಳ್ತಾರಾ?" ಎಂದ ಮಾವ. ಆದರೂ ಹೋದ.

ಈ ಸಲದ ಕೆಲಸ ದೊಡ್ಡದು. ಹೆಸರಾದ ನೃತ್ಯ ತಂಡ. ಅದರ ಜೊತೆಗೆ ಒಬ್ಬ ಶಿಲ್ಪಿ, ಒಬ್ಬ ಶಬ್ದದ ಕಲಾವಿದ, ಚಿತ್ರ ತೆಗೆಯುವವಳೊಬ್ಬಳು, ಕವಿಯೊಬ್ಬ. ಕಲೆಗಳೆಲ್ಲ ಕೂಡಿಕೊಂಡು ಒಂದೇ ಮೈಯಾಗಿ ಮಾಡುವ ಪ್ರಯೋಗವಂತೆ. ಬದುಕು ಹುಡುಕಿಕೊಂಡು ದೋಣಿ ಹತ್ತಿ, ನಡುನೀರಿನಲ್ಲಿ ಮುಳುಗಿಹೋದ ಬಡವರ ಕಥೆ. ತಂಡದ ಮೇಡಂ ಮೊದಲ ದಿನವೇ ಎಲ್ಲರನ್ನೂ ನೆಲದ ಮೇಲೆ ವೃತ್ತವಾಗಿ ಕೂರಿಸಿ, ಕೈ ಕೈ ಹಿಡಿಸಿ, "ಇಲ್ಲಿ ಮೇಲು ಕೀಳು ಇಲ್ಲ. ಎಲ್ಲ ಕಲೆಗಳೂ ಸಮ," ಎಂದಿದ್ದರು. ಅವರದು ಒಳ್ಳೆಯ ದನಿ, ಕೇಳಿದರೆ ನಂಬಬೇಕೆನಿಸುತ್ತಿತ್ತು. ಹಗ್ಗದವರು ಪಕ್ಕದ ಕತ್ತಲಲ್ಲಿ ನಿಂತು ಕೇಳಿಸಿಕೊಂಡಿದ್ದರು.

"ಕಲೆಗಳು ಸಮ ಅಂದ್ರು," ಎಂದು ಉದ್ದಣ್ಣ ಪಿಸುಗುಟ್ಟಿದ್ದ. "ಮನುಷ್ಯರು ಸಮ ಅನ್ಲಿಲ್ಲ. ಗಮನಿಸಿದ್ಯಾ?"

ಶಿಲ್ಪಿಗೆ ಇವರು ಇಟ್ಟ ಹೆಸರು ಬೆಸುಗೆ ಸಾಹೇಬ. ಅಂಗಳದಲ್ಲಿ ಕಿಡಿ ಹಾರಿಸುತ್ತ ದೋಣಿಯನ್ನು ಅವನೇ ಬೆಸೆದಿದ್ದ. ಶಬ್ದದ ಕಲಾವಿದನಿಗೆ ಕಿವಿ ಎಂದು ಹೆಸರು. ಕಿವಿಗೆ ಮುಚ್ಚಿಕೊಂಡ ಎರಡು ಕರಿ ಬಟ್ಟಲುಗಳನ್ನು ಅವನು ಉಣ್ಣುವಾಗಲೂ ತೆಗೆಯುತ್ತಿರಲಿಲ್ಲ.

ಮಾವ ಹೋಗಿ ಬೆಸುಗೆ ಸಾಹೇಬನ ಎದುರು ಕೈ ಕಟ್ಟಿ ನಿಂತದ್ದು ಬಾವಲಿಗೆ ಕಂಡಿತು. ಐವತ್ತೆಂಟು ವರ್ಷದ ಮಾವ. ಸಾಹೇಬ ಅವನ ಮಗನ ಪ್ರಾಯದವನು.

"ಹೌದು, ತಳಕ್ಕೆ ಇನ್ನೊಂದು ತಗಡು ಬೆಸೆದೆ," ಎಂದ ಸಾಹೇಬ, ಕಾಗದದ ಮೇಲಿಂದ ಕಣ್ಣೆತ್ತದೆ. "ಬೆಳಕಲ್ಲಿ ದೋಣಿ ಹಗುರ ಕಾಣ್ತಿತ್ತು. ಸಾವು ಹಗುರ ಕಾಣಬಾರದು."

"ಹಗ್ಗ ಹಳೇದು ಸ್ವಾಮಿ. ಉಕ್ಕಿನ ತಂತಿ ಹಾಕ್ಬಿಟ್ರೆ..."

ಆಗ ಕಿವಿ ಓಡಿಬಂದ. ಒಂದು ಕಡೆಯ ಬಟ್ಟಲನ್ನು ಸರಿಸಿ, "ತಂತಿ ಬೇಡ! ತಂತಿ ಮೂಗಿ. ಈ ನಾರಿನ ಹಗ್ಗ ಹಾಡ್ತಿದೆ. ಇಡೀ ಸಂಗೀತ ಇದರ ಮೇಲೇ ನಿಂತಿದೆ," ಎಂದ. ಎರಡೂ ಹಗ್ಗಕ್ಕೆ ಅವನು ಹುರುಳಿಕಾಳಿನಷ್ಟು ಚಿಕ್ಕ ಮೈಕುಗಳನ್ನು ಕಟ್ಟಿದ್ದ. "ಮತ್ತೆ ನೋಡಿ, ಇವತ್ತು ಬೆಳಿಗ್ಗೆ ಯಾರೋ ರಾಟೆಗೆ ಎಣ್ಣೆ ಬಿಟ್ಟಿದ್ದಾರೆ. ದಯವಿಟ್ಟು ಬಿಡಬೇಡಿ. ಹಗ್ಗಕ್ಕೆ ಮೇಣಾನೂ ಬೇಡ. ಒಣಗಿದ್ರೇನೇ ಅದರ ಹಾಡು."

ಎಣ್ಣೆ ಬಿಟ್ಟವಳು ಬಾವಲಿ. ಅವಳು ಕತ್ತಲಲ್ಲಿ ಇನ್ನೊಂದು ಹೆಜ್ಜೆ ಹಿಂದೆ ಸರಿದಳು.

ಮಾವ ತಿರುಗಿ ಬಂದ. "ಕೇಳಿಸ್ತಲ್ಲ," ಎಂದಷ್ಟೇ ಹೇಳಿದ.

ಕೇಳಿಸಿತ್ತು. ಹಗ್ಗದ ಸದ್ದು ಏನೆಂದು ಅವಳಿಗೆ ನಡೆಯಲು ಕಲಿಯುವ ಮೊದಲೇ ಗೊತ್ತು. ಅಪ್ಪ ಹೇಳುತ್ತಿದ್ದ: ಹಗ್ಗ ಗೊಣಗಿದರೆ ಎಣ್ಣೆ ಕೇಳುತ್ತಿದೆ. ನರಳಿದರೆ ವೈದ್ಯರನ್ನು ಕೇಳುತ್ತಿದೆ. ಚಿಟಿಕೆ ಹೊಡೆದರೆ ಹೆಣ ಹೊರುವವರನ್ನು ಕರೆಯುತ್ತಿದೆ. ಮೂರು ಹುರಿ ಸೇರಿ ಒಂದು ಹಗ್ಗ. ಒಂದು ಹುರಿ ಹೋಗುವಾಗ ಒಣ ಕಡ್ಡಿ ಮುರಿದಂಥ ಸದ್ದು, ಬೆರಳಲ್ಲಿ ಚಿಟಿಕೆ ಹೊಡೆದಂತೆ. ಈಗ ಐದು ದಿನದಿಂದ ಹಗ್ಗ ನರಳುತ್ತಿತ್ತು. ಅವರು ಅದನ್ನು ಹಾಡು ಎನ್ನುತ್ತಿದ್ದರು. ನರಳಿಕೆಗೆ ಮೈಕು ಕಟ್ಟಿ, ಇಡೀ ಸಭಾಂಗಣಕ್ಕೆ ಕೇಳಿಸಿ, ಅದಕ್ಕೆ ಸರಿಯಾಗಿ ಕುಣಿಯುತ್ತಿದ್ದರು.

ಇನ್ನೊಂದು ವಿಷಯವೂ ಇತ್ತು. ತೂಗುಹಾಕಿದ ಯಾವ ಭಾರದ ಕೆಳಗಾದರೂ ನಟರೋ ನರ್ತಕರೋ ಹೋಗುವ ಮೊದಲು ಹಗ್ಗದವರಲ್ಲಿ ಒಬ್ಬರು ಅದರ ಕೆಳಗೆ ಈ ತುದಿಯಿಂದ ಆ ತುದಿಗೆ ನಡೆದು ಬರಬೇಕು. ಇದಕ್ಕೆ ನೆರಳು ತುಳಿಯುವುದು ಎನ್ನುತ್ತಾರೆ. ತಾತನ ಕಾಲದ ರೂಢಿ. ಎಲ್ಲೂ ಬರೆದಿಟ್ಟದ್ದಲ್ಲ. ತಾನೇ ನಡೆಯಬೇಕಾದವನು ಹಗ್ಗವನ್ನು ಸರಿಯಾಗಿ ನೋಡಿಯೇ ನೋಡುತ್ತಾನೆ, ಅಷ್ಟೇ ಅದರ ಅರ್ಥ. ಈ ಸಲ ಮೇಡಂ ಬೇಡವೆಂದರು. ನೆಲಕ್ಕೆ ಬಿಳಿ ಹಾಸಿತ್ತು. "ನಿಮ್ಮ ಕಾಲಿನ ಗುರುತು ಬೀಳತ್ತೆ," ಎಂದರು, ನಗುತ್ತಲೇ, ನೋವಾಗದಂತೆ.

ನೋವಾಯಿತು.

ಮಧ್ಯಾಹ್ನ ಹಿಂಬದಿಯ ನಲ್ಲಿಯ ಹತ್ತಿರ ಬಾವಲಿ ಅಂಗೈ ತೊಳೆದುಕೊಳ್ಳುತ್ತಿದ್ದಾಗ ಕಡ್ಡಿ ಬಂದಳು. ತಂಡದ ನರ್ತಕಿಯರಲ್ಲಿ ಚಿಕ್ಕವಳು, ಇಪ್ಪತ್ತು ದಾಟಿರಲಿಲ್ಲ. ಒಣಕಡ್ಡಿಯಂಥ ಕೈಕಾಲು. ದೋಣಿಯ ಕೆಳಗೆ ಅಂಗಾತ ಮಲಗಬೇಕಾದವಳು ಅವಳೇ. ಏಳು ನಿಮಿಷ. ಕೊನೆಗೆ ದೋಣಿ ಇಳಿದಿಳಿದು ಅವಳ ಎದೆಯಿಂದ ಒಂದು ಗೇಣು ಮೇಲೆ ನಿಲ್ಲಬೇಕು.

"ಅಕ್ಕಾ, ನಿಮ್ಮ ಕೈ ನೋಡಿದ್ರೆ ನನಗೆ ಅಳು ಬರತ್ತೆ."

"ನಿನ್ನ ಕಾಲು ನೋಡಿದ್ರೆ ನನಗೆ ಬರತ್ತೆ. ಊಟ ಮಾಡ್ತೀಯೋ ಇಲ್ವೋ?"

ಹುಡುಗಿ ನಕ್ಕಳು. ಅವಳ ಕಾಲ್ಬೆರಳುಗಳಿಗೆಲ್ಲ ಪಟ್ಟಿ ಸುತ್ತಿತ್ತು. ಒಂದರಿಂದ ರಕ್ತ ಒಸರಿತ್ತು.

"ಮಲಗಿದಾಗ ಕಣ್ಣು ಮುಚ್ಚಿರಬೇಕು. ಆ ಹಗ್ಗದ ಸದ್ದು ಮಾತ್ರ ಕೇಳ್ತಿರತ್ತೆ. ನಂಗೆ ಮೈಯೆಲ್ಲ ನಡುಗತ್ತೆ ಅಕ್ಕ. ಮೇಡಂಗೆ ಹೇಳ್ದೆ. ಆ ನಡುಕ ಚೆನ್ನಾಗಿದೆ, ಇಟ್ಕೋ ಅಂದ್ರು." ಆಮೇಲೆ ಕೇಳಿದಳು: "ಏನೂ ಆಗಲ್ಲ ಅಲ್ವಾ?"

ಬಾವಲಿ ನಲ್ಲಿ ನಿಲ್ಲಿಸಿದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದಳು.

"ಏನಾಗತ್ತೆ? ಹಳೇ ಹಗ್ಗ, ಗೊಣಗ್ತಿರತ್ತೆ. ನಮ್ಮ ಮಾವನ ಹಾಗೆ."

ಹುಡುಗಿಯ ಮುಖ ತಿಳಿಯಾಯಿತು. "ನೀವು ಹಿಡ್ಕೊಂಡಿರ್ತೀರಲ್ಲ, ಅದೇ ಧೈರ್ಯ," ಎಂದು ಹೇಳಿ ಕುಂಟುತ್ತ ಹೋದಳು. ಬಾವಲಿ ಮುಖಕ್ಕೆ ನೀರು ಎರಚಿಕೊಂಡಳು. ಮತ್ತೆ ಎರಚಿಕೊಂಡಳು. ಸುಳ್ಳಿನ ಜಿಗುಟು ನೀರಿಗೆ ಹೋಗುವಂಥದಲ್ಲ.

ಸಂಜೆ ಹೊರಡುವ ಮುಂಚೆ ರಂಗಮಂದಿರದ ಮ್ಯಾನೇಜರು ಕಾಗದ ತಂದ. ನಾಳೆ ಮಧ್ಯಾಹ್ನ ಆಹ್ವಾನಿತರಿಗಾಗಿ ಮೊದಲ ಪ್ರದರ್ಶನ. ಅದಕ್ಕಾಗಿ ಅಚ್ಚು ಹಾಕಿಸಿದ ಪುಸ್ತಿಕೆಯೂ ಅವನ ಕಂಕುಳಲ್ಲಿತ್ತು. ಉದ್ದಣ್ಣ ಅದನ್ನು ಎಳೆದು ತಿರುವಿ ಹಾಕಿದ. ಇಪ್ಪತ್ತೊಂಬತ್ತು ಹೆಸರುಗಳಿದ್ದವು. ಕಾಫಿ ಕೊಟ್ಟ ಹೋಟೆಲಿನದೂ ಇತ್ತು.

"ನಮ್ದು?"

"ಜಾಗ ಸಾಲಲಿಲ್ಲ ಕಣಯ್ಯ," ಎಂದ ಮ್ಯಾನೇಜರು. "ಇಲ್ಲಿ ಹಾಕು ನಿನ್ನ ಹೆಸರು. ಇಲ್ಲಿ ಬೇಕಾದಷ್ಟು ಜಾಗ ಇದೆ."

ಕಾಗದದಲ್ಲಿ ಬರೆದಿತ್ತು: ಭಾರ ಎತ್ತುವ, ಇಳಿಸುವ ಕೆಲಸದಲ್ಲಿ ಯಾವುದೇ ಅನಾಹುತವಾದಲ್ಲಿ ಅದರ ಪೂರ್ತಿ ಹೊಣೆ ಹಗ್ಗದ ತಂಡದ್ದು. ಕೆಳಗೆ ಆರು ಖಾಲಿ ಗೆರೆ.

"ತಗಡು ಬೆಸೆದೋರು ಅವರು," ಎಂದಳು ಬಾವಲಿ. ದನಿ ತನ್ನದೇ ಎಂದು ಅವಳಿಗೇ ಅನಿಸಲಿಲ್ಲ, ಅಷ್ಟು ಸಣ್ಣಗಿತ್ತು. "ಎಣ್ಣೆ ಬೇಡ ಅಂದೋರು ಇನ್ನೊಬ್ರು."

"ನೋಡಮ್ಮ, ಬೇಡ ಅಂದ್ರೆ ಬಿಡು. ನಾಳೆಗೆ ಇನ್ನಾರು ಜನ ಸಿಗಲ್ವಾ? ಎಳೆಯೋದಕ್ಕೇನು ವಿದ್ಯೆ ಬೇಕಾ?"

ಭಾವ ಮೊದಲು ಬರೆದ. ಅವನಿಗೆ ನಾಲ್ಕು ಮಕ್ಕಳು, ಕೊನೆಯದಕ್ಕೆ ಉಸಿರಿನ ಕಾಯಿಲೆ. ಆಮೇಲೆ ಅಣ್ಣತಮ್ಮಂದಿರು. ಉದ್ದಣ್ಣ. ಮಾವ. ಕೊನೆಯ ಗೆರೆ ಉಳಿಯಿತು. ಎಲ್ಲರೂ ಅವಳನ್ನೇ ನೋಡಿದರು.

ಬಾವಲಿ ಸಹಿ ಹಾಕಿದಳು.

ಮನೆಯಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದ. ಒಂದೇ ಕೋಣೆ, ಒಲೆ, ಮಂಚ, ನೀರಿನ ಡ್ರಮ್ಮು ಎಲ್ಲ ಒಂದರ ಮಗ್ಗುಲಲ್ಲಿ ಒಂದು. ಅಪ್ಪನ ಎರಡು ಕೈಗಳೂ ಬೆರಳು ಮಡಚಿಕೊಂಡು ಮುಷ್ಟಿಯಂತೆ ನಿಂತುಬಿಟ್ಟಿದ್ದವು. ಒಂಬತ್ತು ವರ್ಷದ ಹಿಂದೆ ಕೈಜಾರಿ ಓಡಿದ ಹಗ್ಗವನ್ನು ಅವನು ಬಿಡದೆ ಹಿಡಿದಿದ್ದ. ಹಗ್ಗ ಅಂಗೈಯ ಮಾಂಸ ತೆಗೆದುಕೊಂಡು ಹೋಯಿತು. ಆದರೂ ಹಗ್ಗದಲ್ಲಿ ತೂಗುತ್ತಿದ್ದ ನಾಟಕದ ಗೋಪುರ ಬಿತ್ತು. ಕೆಳಗೆ ಬಡಗಿಯೊಬ್ಬ ಇದ್ದ. ತನಿಖೆ ನಡೆದು, ಹಗ್ಗದವನ ಅಜಾಗರೂಕತೆ ಎಂದು ಬರೆದರು. ಅಂದಿನಿಂದ ಅಪ್ಪನಿಗೆ ತುತ್ತು ಕೊಡುವವಳು ಬಾವಲಿ.

ತುತ್ತು ಬಾಯಿಗಿಡುತ್ತ ಅವಳು ಎಲ್ಲ ಹೇಳಿದಳು. ತಗಡು, ಎಣ್ಣೆ, ಕಾಗದ. ಅಪ್ಪ ಅಗಿಯುವುದನ್ನು ನಿಲ್ಲಿಸಿದ.

"ನರಳ್ತಿದೆಯಾ?"

"ಐದು ದಿನ ಆಯ್ತು."

"ಚಿಟಿಕೆ?"

"ಇನ್ನೂ ಇಲ್ಲ."

ಅಪ್ಪ ಗೋಡೆಯ ಕಡೆ ಮುಖ ಮಾಡಿದ. ಅವಳು ತಟ್ಟೆ ಎತ್ತಿಡಲು ಎದ್ದಾಗ ಮಾತು ಬಂತು.

"ಆವತ್ತು ನಂಗೆ ಕೇಳಿಸಿತ್ತು."

"ಏನು?"

"ಚಿಟಿಕೆ. ಗೋಪುರ ಬೀಳೋ ಮುಂಚೆ. ಎರಡು ಸಲ ಕೇಳಿಸ್ತು. ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ ಒಂದು ಬೀಡಿ ಸೇದೋವಷ್ಟು ಹೊತ್ತಿತ್ತು. ಆಟ ನಡೀವಾಗ ಸದ್ದು ಮಾಡಬಾರದು ಅಂದಿದ್ರಲ್ಲ. ಭಯ ಆಯ್ತು. ಬಾಯಿ ಬಿಡಲಿಲ್ಲ." ಅಪ್ಪ ತನ್ನ ಮಡಚಿದ ಕೈಗಳನ್ನು ನೋಡಿಕೊಂಡ. "ಅಜಾಗರೂಕತೆ ಅಂತ ಬರೆದ್ರು. ಸುಳ್ಳು. ನಾನು ಜಾಗರೂಕನಾಗೇ ಇದ್ದೆ. ಹೆದರಿಕೊಂಡಿದ್ದೆ, ಅಷ್ಟೇ."

ಒಂಬತ್ತು ವರ್ಷದಿಂದ ಈ ಮನುಷ್ಯನನ್ನು ನೋಡಿ ಅವಳು ಕೋಪ ಸಾಕಿಕೊಂಡಿದ್ದಳು. ಬರೆದವರ ಮೇಲಿನ ಕೋಪ. ಈಗ ಅದನ್ನು ಎಲ್ಲಿಡುವುದು?

"ನಾಳೆ ಹೋಗಬೇಡ," ಎಂದ ಅಪ್ಪ.

"ನಾನು ಹೋಗದಿದ್ರೆ ಇನ್ಯಾರೋ ಹಿಡೀತಾರೆ. ಆ ಹುಡುಗಿ ಮಲಗೋದಂತೂ ತಪ್ಪಲ್ಲ."

ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ ಸಭಾಂಗಣ ತುಂಬಿತು. ಹಗ್ಗದವರಿಗೆ ಕಪ್ಪು ಬಟ್ಟೆ ಕೊಟ್ಟಿದ್ದರು. ಮುಖಕ್ಕೂ ಕಪ್ಪು ಬಳಿದುಕೊಳ್ಳಿ ಎಂದಿದ್ದರು. "ಬಳೀಬೇಕಾ, ಹುಟ್ಟಿದ್ದೇ ಸಾಲದಾ?" ಎಂದು ಉದ್ದಣ್ಣ ಕೇಳಿದ. ಯಾರಿಗೂ ನಗು ಬರಲಿಲ್ಲ. ಬಾವಲಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಹಸಿರು ದೀಪ ಬಂತು. ಎಳೆದರು. ಭುಜ ಎಳೆಯಿತು, ಬೆನ್ನು ಎಳೆಯಿತು, ಹಿಮ್ಮಡಿ ನೆಲಕ್ಕೆ ಒತ್ತಿ ಎಳೆಯಿತು. ದೋಣಿ ನೆಲ ಬಿಟ್ಟು ಎದ್ದಿತು. ಹಗ್ಗ ನರಳಿತು. ಆ ನರಳಿಕೆ ಸಭಾಂಗಣದ ನಾಲ್ಕು ಮೂಲೆಗಳಿಂದ ದೊಡ್ಡದಾಗಿ ಹಿಂದಿರುಗಿ ಬಂತು, ಇಡೀ ಕಟ್ಟಡವೇ ನೋವು ತಿನ್ನುತ್ತಿರುವಂತೆ. ಮುಂದಿನ ಸಾಲಿನಲ್ಲಿ ಯಾರೋ "ಆಹಾ" ಎಂದರು.

ಒಂದೂವರೆ ಆಳೆತ್ತರಕ್ಕೆ ದೋಣಿ ಹೋಯಿತು. ಕೆಂಪು. ಹಿಡಿದು ನಿಂತರು. ನರ್ತಕರು ಉರುಳುತ್ತ, ತೆವಳುತ್ತ, ಒಬ್ಬರನ್ನೊಬ್ಬರು ಎಳೆಯುತ್ತ ಹೋದರು. ಕಡ್ಡಿ ಒಬ್ಬಳೇ ಉಳಿದಳು. ಬಿಳಿ ನೆಲದ ನಡುವೆ, ದೋಣಿಯ ಕೆಳಗೆ, ಅಂಗಾತ ಮಲಗಿ ಕಣ್ಣು ಮುಚ್ಚಿದಳು.

ಚಿಟ್.

ಸಣ್ಣ ಸದ್ದು. ಆದರೆ ಮೈಕಿನ ಬಾಯಿಂದ ಬಂದು ಅದು ಗುಂಡು ಹೊಡೆದಂತೆ ಕೇಳಿಸಿತು. ಜನ ಬೆಚ್ಚಿ, ಖುಷಿಯಿಂದ ಉಸಿರೆಳೆದುಕೊಂಡರು. ಸಭಾಂಗಣದ ಹಿಂದುಗಡೆ ತನ್ನ ಯಂತ್ರದ ಮುಂದೆ ಕೂತಿದ್ದ ಕಿವಿ ಎರಡೂ ಕೈ ಮೇಲೆತ್ತಿದ, ಗೆದ್ದವನಂತೆ.

ಬಾವಲಿ ಮಾವನನ್ನು ನೋಡಿದಳು. ಮಾವನ ಮುಖದ ಕಪ್ಪಿನ ಮೇಲೆ ಬೆವರು ಗೆರೆ ಎಳೆದಿತ್ತು. ಹಸಿರು ದೀಪ ಬಂತು. ಇಳಿಸಬೇಕು.

"ಇಳಿಸು," ಎಂದ ಮಾವ, ತುಟಿ ಅಲ್ಲಾಡಿಸದೆ. "ನಿಧಾನ ಇಳಿಸಿಬಿಡೋಣ."

"ಅವಳ ಮೇಲಾ?"

"ದೀಪ ಬಂದಿದೆ ಕಣೇ."

"ಕಟ್ಟು ಮಾವ. ಗೂಟಕ್ಕೆ ಕಟ್ಟು."

"ಬಾವಲೀ, ಸಹಿ ಹಾಕಿದ್ದೀವಿ..."

"ಕಟ್ಟೂ ಅಂದೆ!"

ಅವಳು ಕಿರುಚಿದಳು. ಹದಿನಾಲ್ಕು ವರ್ಷದಲ್ಲಿ ಆ ಕತ್ತಲಿನಿಂದ ಮೊದಲ ಸಲ ಒಂದು ದನಿ ಹೊರಗೆ ಹೋಯಿತು. ಮಾವನ ಕೈ ತಾನಾಗಿಯೇ ಹಗ್ಗವನ್ನು ಗೂಟಕ್ಕೆ ಸುತ್ತಿತು. ಅವಳು ಹಗ್ಗ ಬಿಟ್ಟು ಓಡಿದಳು.

ಬೆಳಕು ಕಣ್ಣಿಗೆ ರಾಚಿತು. ಬಿಳಿ ಹಾಸು ಕಾಲಿಗೆ ಜಾರುತ್ತಿತ್ತು. ಒಂದೊಂದು ಹೆಜ್ಜೆಗೂ ಕಪ್ಪು ಗುರುತು. ಮುಂದೆ ಐದುನೂರು ಮುಖಗಳಿದ್ದವು. ಅವಳಿಗೆ ಒಂದೂ ಕಾಣಲಿಲ್ಲ. ಕಂಡದ್ದು ತಲೆಯ ಮೇಲಿನ ಕಬ್ಬಿಣದ ತಳ ಮಾತ್ರ. ಬೆಸುಗೆಯ ಗೆರೆಗಳು ಹಸಿ ಗಾಯದಂತಿದ್ದವು. ಅದರ ಕೆಳಗೆ ಹೋಗಲು ಅವಳ ಕಾಲು ಒಪ್ಪಲಿಲ್ಲ. ನಿಜವಾಗಿ ಒಪ್ಪಲಿಲ್ಲ, ತುದಿಯಲ್ಲಿ ನಿಂತುಬಿಟ್ಟಳು. ಮೊಣಕಾಲು ನಡುಗಿತು, ಉಚ್ಚೆ ಬಂದಂತಾಯಿತು. ಕೊನೆಗೆ ನೆಲಕ್ಕೆ ಬಿದ್ದು, ಅಂಗೈ ಊರಿ ತೆವಳಿ, ಹುಡುಗಿಯ ಎರಡು ಪಾದ ಹಿಡಿದು ಎಳೆದಳು. ಆರು ಜನ ಎಳೆಯುವ ದೋಣಿಯನ್ನು ಒಬ್ಬಳೇ ಎಳೆಯುವವಳಂತೆ ಎಳೆದಳು.

ಕಡ್ಡಿ ಕಣ್ಣು ಬಿಟ್ಟಳು. "ಅಕ್ಕಾ?"

"ಏಳೇ! ಹಗ್ಗ ಹರೀತಿದೆ!"

ಹುಡುಗಿ ಉರುಳಿ ಆಚೆ ಬಂದಳು. ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಹತ್ತು ಜನ. ಆಮೇಲೆ ಎಲ್ಲರೂ. ಬಾವಲಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅದುವರೆಗಿನ ಭಯ ಏನೂ ಅಲ್ಲ ಅನಿಸಿತು. ಇವಳೂ ಆಟದೊಳಗಿನವಳು ಎಂದು ತಿಳಿದಿದ್ದರು ಅವರು. ಇಲ್ಲಿ ನಿಂತು ಬೆಂಕಿ ಎಂದರೂ ಚಪ್ಪಾಳೆ ತಟ್ಟುತ್ತಾರೆ.

"ಆಟ ಅಲ್ಲ ಇದು!" ಎಂದಳು. "ಹಗ್ಗ ಹಾಡ್ತಿಲ್ಲ. ಹರೀತಿದೆ. ಐದು ದಿನದಿಂದ ಹೇಳ್ತಿದೆ ಅದು. ತಗಡು ಬೆಸೆದೋರು ಬನ್ನಿ. ಎಣ್ಣೆ ಬೇಡ ಅಂದೋರು ಬನ್ನಿ. ಬಂದು ಇದರ ಕೆಳಗೆ ಮಲಗಿ. ನಾನು ಇಳಿಸ್ತೀನಿ."

ಬೆಸುಗೆ ಸಾಹೇಬ ಮೊದಲ ಸಾಲಿನಲ್ಲಿದ್ದ. ಮೇಡಂ ಅವನ ಪಕ್ಕದಲ್ಲಿದ್ದರು. ಇಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ.

ಚಿಟ್.

ಎರಡನೆಯ ಹುರಿ. ಈ ಸಲವೂ ಚಪ್ಪಾಳೆ ಬಂತು, ಆದರೆ ತೇಪೆ ತೇಪೆಯಾಗಿ. ದೋಣಿಯ ಮೂತಿ ಒಂದು ಮೊಳ ಕೆಳಗೆ ಜಾರಿ ನಿಂತಿತು. ಬಾವಲಿ ಓಡಿಬಂದು ಹಗ್ಗಕ್ಕೆ ಕೈ ಹಾಕಿದಳು.

"ಬಿಚ್ಚು ಮಾವ. ಎಲ್ಲರೂ ಹಿಡೀರಿ. ನಾನು ಹೇಳ್ದಂಗೆ. ದೀಪ ನೋಡಬೇಡಿ."

ಯಾರೂ ದೀಪ ನೋಡಲಿಲ್ಲ. ಅದು ಕೆಂಪಾಯಿತೋ ಹಸಿರಾಯಿತೋ ಯಾರಿಗೂ ಗೊತ್ತಿಲ್ಲ. "ಒಂದು ಕೈ... ಬಿಡು. ಒಂದು ಕೈ... ಬಿಡು. ಭಾವ, ನಿಧಾನ! ಬಾಲ ಮುಂದೆ ಓಡ್ತಿದೆ." ಅವಳ ದನಿ ಮೈಕಿನ ಮೂಲಕ ಇಡೀ ಸಭಾಂಗಣಕ್ಕೆ ಕೇಳುತ್ತಿತ್ತು. ಆರು ಜನರ ಉಸಿರೂ ಕೇಳುತ್ತಿತ್ತು. ನೆಲಕ್ಕೆ ಇನ್ನು ಮೊಣಕಾಲೆತ್ತರ ಇದ್ದಾಗ ಮೂರನೆಯ ಹುರಿ ಹೋಯಿತು. ಹಗ್ಗ ಹಾವಿನಂತೆ ಅಟ್ಟಕ್ಕೆ ಹಾರಿತು. ದೋಣಿಯ ಮೂತಿ ನೆಲಕ್ಕೆ ಬಡಿಯಿತು. ಹುಡುಗಿಯ ಎದೆ ಇರಬೇಕಿದ್ದ ಜಾಗದಲ್ಲಿ ಹಲಗೆ ಸೀಳಿ ಕಬ್ಬಿಣ ಒಂದು ಗೇಣು ಒಳಗೆ ಇಳಿಯಿತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ತೆರೆ ಎಳೆದ ಮೇಲೆ ಬಾವಲಿ ಹಗ್ಗದ ತುಂಡು ಹಿಡಿದುಕೊಂಡೇ ನೆಲದ ಮೇಲೆ ಕೂತಿದ್ದಳು. ಬೆರಳು ಬಿಚ್ಚುತ್ತಿರಲಿಲ್ಲ. ಕಡ್ಡಿ ಅವಳೆದುರು ಕೂತು ಒಂದೊಂದೇ ಬೆರಳನ್ನು ಬಿಡಿಸುತ್ತಿದ್ದಳು. ಆಚೆ ಕಡೆ ಬೆಸುಗೆ ಸಾಹೇಬ ಸೀಳಿದ ಹಲಗೆಯನ್ನು ನೋಡುತ್ತ ನಿಂತಿದ್ದ. ಕಿವಿ ಮಾತ್ರ ತಾನು ಹಿಡಿದಿಟ್ಟ ಸದ್ದನ್ನು ತಿರುಗಿ ತಿರುಗಿ ಕೇಳುತ್ತಿದ್ದ.

ಮೇಡಂ ಬಂದರು. ಅವರ ಕಣ್ಣಲ್ಲಿ ನಿಜವಾದ ನೀರಿತ್ತು. ಬಾಗಿ ಬಾವಲಿಯನ್ನು ತಬ್ಬಿಕೊಂಡರು.

"ಮೊದಲು ಸಿಟ್ಟು ಬಂತು ನನಗೆ. ಆಮೇಲೆ ಜನರ ಮುಖ ನೋಡಿದೆ. ಎಷ್ಟು ವರ್ಷದಿಂದ ನಾನು ಹುಡುಕ್ತಿದ್ದದ್ದು ಇದೇ. ಇದನ್ನ ಇಟ್ಕೊಳ್ಳೋಣ. ಹೊಸ ಹಗ್ಗ ತರಿಸ್ತೀನಿ, ತಂತಿ ಬೇಕಾದರೂ ಒಳಗೆ ಸೇರಿಸೋಣ, ಅಪಾಯ ಇರಲ್ಲ. ನೀನು ದಿನಾ ಹೀಗೇ ಓಡಿ ಬಾ. ಹೀಗೇ ಕೂಗು. ಆ ತುದೀಲಿ ನಿಂತು ನಡುಗಿದ್ಯಲ್ಲ, ಅದಂತೂ..."

"ನಾನು ನಟಿಸ್ಲಿಲ್ಲ," ಎಂದಳು ಬಾವಲಿ. "ನಂಗೆ ಭಯ ಆಯ್ತು."

"ಆ ಭಯವೇ ಬೇಕು ನನಗೆ."

"ಕೊಡಲ್ಲ."

ಮೇಡಂ ಅರ್ಥವಾಗದವರಂತೆ ನೋಡಿದರು.

"ಭುಜ ಕೊಟ್ಟಾಯ್ತು. ಅಂಗೈ ಕೊಟ್ಟಾಯ್ತು. ನಮ್ಮಪ್ಪ ಎರಡು ಕೈ ಪೂರ್ತಿ ಕೊಟ್ಟ. ಇದು ನಂದು. ಇದನ್ನ ಕೊಡಲ್ಲ."

ಮೇಡಂ ಎದ್ದು ನಿಂತರು. ದನಿ ಈಗ ಬೇರೆಯಾಗಿತ್ತು. "ಕೋಪದಲ್ಲಿದ್ದೀಯ. ನಾಳೆ ಮಾತಾಡೋಣ. ಮ್ಯಾನೇಜರ್, ಇವರು ಒಪ್ಪದಿದ್ರೆ ಬೆಳಿಗ್ಗೆ ಹೊತ್ತಿಗೆ ಬೇರೆಯವರನ್ನ ನೋಡಿ. ನೆಲ ಹಾಳಾಗಿದೆಯಲ್ಲ, ಇವರು ಸಹಿ ಮಾಡಿರೋ ಆ ಕಾಗದಾನೂ ತೆಗೆದಿಡಿ."

ಬಾವಲಿ ಎದ್ದಳು. ಗೋಡೆ ಹಿಡಿದುಕೊಂಡು ನಡೆದಳು. ಹಿಂದೆ ಯಾರಾದರೂ ಬರುತ್ತಿದ್ದಾರೋ ಇಲ್ಲವೋ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಅಂಗಳ ದಾಟಿ, ಹಿಂಬದಿಯ ಗೇಟಿನಾಚೆ ಬೀದಿಗೆ ಬಂದು, ವಿದ್ಯುತ್ ಕಂಬಕ್ಕೆ ಒರಗಿದಾಗಲೇ ನೋಡಿದ್ದು. ಮಾವ ಬಂದಿದ್ದ. ಉದ್ದಣ್ಣ ಬಂದಿದ್ದ. ಅಣ್ಣತಮ್ಮಂದಿರು ಬಂದಿದ್ದರು. ಭಾವ ಬಂದಿರಲಿಲ್ಲ.

"ಮಗುಗೆ ಹುಷಾರಿಲ್ಲ ಪಾಪ," ಎಂದ ಅಣ್ಣತಮ್ಮಂದಿರಲ್ಲಿ ದೊಡ್ಡವನು, ನೆಲ ನೋಡುತ್ತ. "ಬೈಬೇಡಿ."

"ಯಾರು ಬೈದ್ರು?" ಎಂದ ಮಾವ. ಆಮೇಲೆ ಬಾವಲಿಯ ಕಡೆ ತಿರುಗಿದ. ಅವನ ಮುಖದಲ್ಲಿ ಹೆಮ್ಮೆ ಇರಲಿಲ್ಲ, ಭಯ ಇತ್ತು. "ಮಾಡ್ದೆ. ಸರಿ. ಈಗೇನು? ನಾಳೆ ಬೆಳಿಗ್ಗೆ ಬೇರೆ ಐದು ಜನ ಬರ್ತಾರೆ. ತಂತಿ ಹಾಕ್ತೀವಿ ಅಂತ ಬಾಯಲ್ಲಿ ಹೇಳ್ತಾರೆ. ಆ ಐದು ಜನರ ಹತ್ರಾನೂ ಸಹಿ ಹಾಕಿಸ್ಕೋತಾರೆ."

"ಬರ್ಲಿ," ಎಂದಳು. "ಬರೋರಿಗೆ ಇಲ್ಲೇ ನಿಂತು ಹೇಳೋಣ."

"ಕೇಳ್ತಾರಾ?"

"ಗೊತ್ತಿಲ್ಲ."

"ಪೊಲೀಸ್ನೋರು ಬಂದ್ರೆ?"

"ಗೊತ್ತಿಲ್ಲ ಮಾವ. ನನ್ನ ಕೈ ನೋಡು, ಇನ್ನೂ ನಡುಗ್ತಿದೆ."

ಬೆಳಿಗ್ಗೆ ಆರೂವರೆಗೆ ಅವರು ಗೇಟಿನ ಮುಂದಿದ್ದರು. ಐದು ಜನ. ಬೀದಿ ಗುಡಿಸುವವಳು ಇವರ ಕಾಲ ಸುತ್ತ ಗುಡಿಸಿಕೊಂಡು ಹೋದಳು. ಕಾವಲುಗಾರ ಎರಡು ಸಲ ಬಂದು ಹೋಗಿ ಎಂದ, ಮೂರನೆಯ ಸಲ ಬರಲಿಲ್ಲ. ಏಳರ ಹೊತ್ತಿಗೆ ಬೀದಿಯ ತಿರುವಿನಲ್ಲಿ ಒಬ್ಬ ಕಾಣಿಸಿದ. ಅಗಲ ಭುಜ, ಹೆಗಲ ಮೇಲೆ ಟವೆಲು, ಕೈಯಲ್ಲಿ ಊಟದ ಡಬ್ಬಿ. ವಿಳಾಸ ಬರೆದ ಚೀಟಿ ನೋಡುತ್ತ, ಗೋಡೆಗಳ ನಂಬರು ನೋಡುತ್ತ ಬರುತ್ತಿದ್ದ. ಅವನ ಹಿಂದೆ ಇನ್ನಿಬ್ಬರು.

ಮಾವ ಗಂಟಲು ಸರಿಮಾಡಿಕೊಂಡ. ಉದ್ದಣ್ಣ ಆಕಾಶ ನೋಡಿದ.

ಬಾವಲಿ ಕಂಬ ಬಿಟ್ಟು ಬೀದಿಯ ನಡುವಿಗೆ ಬಂದಳು. ಎರಡೂ ಅಂಗೈಗಳನ್ನು ಅವನಿಗೆ ಕಾಣುವಂತೆ ಮುಂದೆ ಚಾಚಿದಳು.

"ಅಣ್ಣಾ," ಎಂದಳು. "ಒಳಗೆ ಹೋಗೋ ಮುಂಚೆ ಒಂದು ಮಾತು."

ಅವನು ನಿಂತ.